ಬೀಗಿತ್ತಿ ಕೇಳಿದ ಪಾಲು

ಆ ವರ್ಷ ನಮ್ಮ ಅಪ್ಪನ ಎದುರಿಗೆ ಯಾರೂ ಆಡಬಾರದ ಮಾತೊಂದಿತ್ತು. ಅದು ‘ಪಾಲು’. ಯುಗಾದಿ ಕಳೆದ ಮೇಲೆ ಚಿಕ್ಕಪ್ಪ ತನ್ನ ಪಾಲು ಕೇಳಿ ಬೇರೆಯಾಗಿದ್ದ. ನನ್ನಿವಾಳದ ಹತ್ತಿರದ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಒಂದೇ ಆಗಿದ್ದ ಅಂಗಳದ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಎದ್ದಿತ್ತು. ಹೊಲ ಹಂಚಿಹೋಯಿತು, ಕುರಿ ಹಂಚಿಹೋದವು, ಹಿತ್ತಲಿನ ಬೇವಿನ ಮರದ ನೆರಳಿಗೂ ಜಗಳವಾಯಿತು. ಹಾಲು ಕರೆಯುವ ಹಸು ಚಿಕ್ಕಪ್ಪನ ಕಡೆಗೆ ಹೋಗಿ, ಗೊಡ್ಡು ಹಸು ನಮ್ಮ ಕೊಟ್ಟಿಗೆಯಲ್ಲಿ ಉಳಿಯಿತು. ಅಂದಿನಿಂದ ಊಟಕ್ಕೆ ಕೂತಾಗ ಯಾರಾದರೂ ‘ಇದು ನನ್ನ ಪಾಲಿನ ಮುದ್ದೆ’ ಎಂದರೂ ಸಾಕು, ಅಪ್ಪ ಗಂಗಾಳ ತಳ್ಳಿ ಎದ್ದುಬಿಡುತ್ತಿದ್ದ.

ಅಂಥ ಮನೆಯಲ್ಲಿ, ಅಂಥ ಅಪ್ಪನ ಕೈಯಿಂದ, ನನ್ನ ತಂಗಿಯ ಮದುವೆ ನಡೆಯಬೇಕಿತ್ತು.

ಆ ಮದುವೆಯಲ್ಲಿ ನಾನು ಎರಡು ಕಡೆಯವಳು. ಹೆಣ್ಣಿಗೆ ಒಡಹುಟ್ಟಿದ ಅಕ್ಕ, ಗಂಡಿಗೆ ಅತ್ತಿಗೆ. ಎರಡು ವರ್ಷದ ಹಿಂದೆ ನನ್ನನ್ನು ಮೊಳಕಾಲ್ಮುರು ದಾಟಿ, ದೇವಸಮುದ್ರದ ಆಚೆಗಿನ ಒಂದು ಕುರಿಹಟ್ಟಿಗೆ ಕೊಟ್ಟಿದ್ದರು. ಜಾತಿ ಒಂದೇ, ದೇವರು ಒಂದೇ, ಹೊದೆಯುವ ಕಂಬಳಿಯೂ ಒಂದೇ. ಮಾತು ಮಾತ್ರ ಬೇರೆ. ಆ ಮನೆಯಲ್ಲಿ ನಾಯಿಯನ್ನು ಕರೆಯುವುದೂ ತೆಲುಗಿನಲ್ಲೇ. ನನ್ನ ಗಂಡನಿಗೆ ಸಂತೆಯ ಕನ್ನಡ ಬರುತ್ತಿತ್ತು, ಅದೂ ಮೂರು ಮಾತು: ‘ಎಷ್ಟು’, ‘ಬ್ಯಾಡ’, ‘ಹೋಗು’. ಈ ಮೂರು ಮಾತಿನಲ್ಲಿ ಹೆಂಡತಿಯೊಂದಿಗೆ ಎಷ್ಟು ಸಂಸಾರ ಮಾಡಬಹುದೋ ಅಷ್ಟನ್ನು ಮಾಡಿ, ಅವನು ಕುರಿಗಳ ಹಿಂದೆ ತಿಂಗಳುಗಟ್ಟಲೆ ಅಡವಿಗೆ ಹೋಗಿಬಿಡುತ್ತಿದ್ದ. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿಯುತ್ತಿದ್ದವಳು ಅತ್ತೆ.

ನಾನು ತೆಲುಗು ಕಲಿತೆ. ಆದರೆ ಕಲಿತ ಮಾತಿನಲ್ಲಿ ನೀರು ಕೇಳಬಹುದು, ಉಪ್ಪು ಕೇಳಬಹುದು, ಮನಸ್ಸು ತುಂಬ ಬೈಯಲು ಆಗುವುದಿಲ್ಲ. ಬೈಗುಳಕ್ಕೆ ಹುಟ್ಟಿದ ಮನೆಯ ಮಾತೇ ಬೇಕು. ಅದಕ್ಕೆ ನಾನೊಂದು ದಾರಿ ಕಂಡುಕೊಂಡೆ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು, ಬೀಸುವ ಪದದ ರಾಗಕ್ಕೆ ಬೈಗುಳ ಹೊಂದಿಸಿ ಹಾಡುತ್ತಿದ್ದೆ. ಗೋಡೆಯಾಚೆ ಅತ್ತೆ ಮಲಗಿರುತ್ತಿದ್ದಳು. ‘ಮುದಿ ಹದ್ದು ಬೆಳಗಾದ್ರೆ ನನ್ನ ತಲೆ ಕುಕ್ಕುತೈತೆ’ ಎಂದು ಒಂದು ಸುತ್ತು. ‘ಬೆಣ್ಣೆ ಗಡಿಗೆ ಬಚ್ಚಿಟ್ಟ ಕಳ್ಳಿ, ಸತ್ತಾಗ ಹೊತ್ಕೊಂಡು ಹೋಗ್ತಿಯೇನೇ’ ಎಂದು ಮತ್ತೊಂದು ಸುತ್ತು. ರಾಗ ಇಂಪಾಗಿಯೇ ಇರುತ್ತಿತ್ತು. ಅತ್ತೆಗೆ ಕನ್ನಡದ ಒಂದಕ್ಷರ ಬಾರದು. ‘ನನ್ನ ಸೊಸೆ ಎಷ್ಟು ಚೆನ್ನಾಗಿ ಹಾಡುತ್ತಾಳೆ’ ಎಂದು ಹಟ್ಟಿಯ ಹೆಂಗಸರ ಮುಂದೆ ತೆಲುಗಿನಲ್ಲಿ ಹೊಗಳುತ್ತಿದ್ದಳು. ನಾನು ತಲೆ ತಗ್ಗಿಸಿ ನಾಚಿಕೊಳ್ಳುತ್ತಿದ್ದೆ.

ಕೆಲವು ದಿನ ಬೈಗುಳವೂ ಬರುತ್ತಿರಲಿಲ್ಲ. ಅಂಥ ದಿನ ತಂಗಿಯನ್ನು ನೆನೆದು ಹಾಡುತ್ತಿದ್ದೆ. ನೀನಿದ್ದಿದ್ದರೆ ಕಲ್ಲಿನ ಆ ಕಡೆ ಕೂರುತ್ತಿದ್ದೆ, ಇಬ್ಬರೂ ಸೇರಿ ಈ ಮುದುಕಿಯನ್ನು ಬೈಯಬಹುದಿತ್ತು ಎಂದು. ಹಾಡುತ್ತ ಹಾಡುತ್ತ ಅಳು ಬಂದು ಹಿಟ್ಟು ಒದ್ದೆಯಾಗುತ್ತಿತ್ತು. ಆ ಮನೆಯಲ್ಲಿ ನನಗೆ ಊಟಕ್ಕೆ ಕಡಿಮೆಯಿರಲಿಲ್ಲ, ಹೊಡೆತ ಬಡಿತ ಇರಲಿಲ್ಲ. ಆದರೆ ನಾನು ಹೇಳಿದ್ದಕ್ಕೆ ನನ್ನ ಮಾತಿನಲ್ಲೇ ‘ಹೂಂ’ ಎನ್ನುವವರು ಒಬ್ಬರೂ ಇರಲಿಲ್ಲ. ಅದು ಎಷ್ಟು ದೊಡ್ಡ ಸಂಕಟವೆಂದು ಅನುಭವಿಸಿದವರಿಗೇ ಗೊತ್ತು.

ಹೀಗಿರುವಾಗ ಒಂದು ದಿನ ಅತ್ತೆ ಇದ್ದಕ್ಕಿದ್ದ ಹಾಗೆ, ಚಿಕ್ಕ ಮಗನಿಗೆ ನಿನ್ನ ತಂಗಿಯನ್ನೇ ತರೋಣ ಎಂದಳು. ನನಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಅಂದು ಬೀಸುವಾಗ ‘ಮುದಿ ಹದ್ದಿಗೂ ಒಮ್ಮೊಮ್ಮೆ ಬುದ್ಧಿ ಬರ್ತೈತೆ’ ಎಂದು ಹಾಡಿದೆ.

ನಮ್ಮ ಜನರಲ್ಲಿ ಆಗ ಮದುವೆ ಗಂಡಿನ ಮನೆಯಲ್ಲೇ ಆಗುತ್ತಿತ್ತು. ಆದರೆ ಅಪ್ಪ, ‘ನಮ್ಮನೇಲೇ ಆಗ್ಬೇಕು, ನಮ್ಮ ಅಂಗಳದಲ್ಲೇ ಚಪ್ಪರ’ ಎಂದು ಹಟ ಹಿಡಿದ. ಗೋಡೆಯಾಚೆಯವರು ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂಬುದೊಂದೇ ಅದಕ್ಕೆ ಕಾರಣ. ಅತ್ತೆ ಗೊಣಗಿಕೊಂಡೇ ಒಪ್ಪಿದಳು. ಧನುರ್ಮಾಸ ಹಿಡಿಯುವ ಮೊದಲೇ ಲಗ್ನ ಗೊತ್ತಾಯಿತು. ಅಪ್ಪನ ಸಿಟ್ಟು, ಅತ್ತೆಯ ನಾಲಗೆ ಎರಡನ್ನೂ ಬಲ್ಲವಳು ನಾನೊಬ್ಬಳೇ. ಇಬ್ಬರೂ ಎದುರುಬದುರು ನಿಂತು ನಾಲ್ಕು ಮಾತು ನೇರವಾಗಿ ಆಡಿಕೊಂಡರೆ ಸಂಬಂಧ ಅಲ್ಲೇ ಮುರಿದುಬೀಳುತ್ತದೆ, ನಾನು ಆ ಕಲ್ಲಿನ ಮುಂದೆ ಒಬ್ಬಳೇ ಬೀಸುತ್ತ ಮುದುಕಿಯಾಗಬೇಕಾಗುತ್ತದೆ ಎಂಬುದು ನನಗೆ ಸ್ಪಷ್ಟವಾಗಿತ್ತು. ಹಾಗಾಗಿ ಮದುವೆ ಮುಗಿಯುವವರೆಗೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ನನ್ನದೇ ಎಂದು ನಾನೇ ಹೇಳಿಕೊಂಡು ನಿಂತೆ. ಮುಟ್ಟಿಸುವೆನೆಂದೆನೇ ಹೊರತು ಇದ್ದದ್ದನ್ನು ಇದ್ದ ಹಾಗೇ ಮುಟ್ಟಿಸುವೆನೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಮದುವೆಯ ಹಿಂದಿನ ದಿನ ಬಿಸಿಲೇರುವ ಹೊತ್ತಿಗೆ ದಿಬ್ಬಣದ ಗಾಡಿಗಳು ಬಂದವು. ರಾತ್ರಿಯ ಚಳಿ ಮೈಯಿಂದ ಇನ್ನೂ ಇಳಿದಿರಲಿಲ್ಲ. ಗಂಡಸರು ಹೆಂಗಸರು ಎಲ್ಲರೂ ತಲೆಯ ಮೇಲಿಂದ ಕಂಬಳಿ ಹೊದ್ದಿದ್ದರಿಂದ ಯಾರು ಯಾರೆಂದು ತಿಳಿಯದೆ, ನಮ್ಮ ಅವ್ವ ಮದುಮಗನ ಕಾಲಿಗೆ ನೀರು ಕೊಡುವ ಬದಲು ಗಾಡಿ ಹೊಡೆಯುವವನ ಕಾಲಿಗೆ ಕೊಟ್ಟಳು. ಅವನು ಸುಮ್ಮನೆ ತೊಳೆದುಕೊಂಡ.

ಅತ್ತೆ ಗಾಡಿಯಿಂದ ಇಳಿದು ಚಪ್ಪರವನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತೆಲುಗಿನಲ್ಲಿ ಶುರುಮಾಡಿದಳು. ಇದೇನು ಚಪ್ಪರವೋ ಕೋಳಿ ಮುಚ್ಚುವ ಕುಕ್ಕೆಯೋ, ಇದರಡಿ ಎರಡು ಮೇಕೆ ನಿಂತರೆ ಮೂರನೆಯದು ಬಿಸಿಲಿಗೆ ಸಾಯುತ್ತದೆ, ಅರ್ಧ ಅಂಗಳಕ್ಕೆ ಗೋಡೆ ಕಟ್ಟಿಕೊಂಡು ಮದುವೆ ಮಾಡಲು ಹೊರಟಿದ್ದಾನಲ್ಲ ಈ ಮನುಷ್ಯ, ನಮ್ಮ ಮನೆಯ ಕುರಿದೊಡ್ಡಿ ಇದಕ್ಕಿಂತ ಅಗಲವಾಗಿದೆ. ಹೀಗೆ ಉಸಿರು ಬಿಡದೆ ಸಾಗಿತು.

‘ಏನಂತಾಳೆ ಬೀಗ್ತಿ?’ ಎಂದ ಅಪ್ಪ.

‘ಚಪ್ಪರ ಚೆನ್ನಾಗೈತಂತೆ’ ಎಂದೆ.

ಅಪ್ಪ ಗಡ್ಡ ನೀವಿಕೊಂಡು ಗಾಡಿಯ ಕಡೆ ಕತ್ತು ತಿರುಗಿಸಿದ. ‘ಅವ್ರ ಎತ್ತು ನೋಡು, ದೂರದಿಂದ್ಲೇ ಮೂಳೆ ಎಣಿಸ್ಬೋದು. ಮೇವು ಹಾಕದ ಜನ ಹೆಣ್ಣಿಗೆ ಏನು ಹಾಕ್ತಾರೆ’ ಎಂದ.

ನಾನು ಅತ್ತೆಗೆ ತೆಲುಗಿನಲ್ಲಿ, ‘ಎಂಥ ಲಕ್ಷಣದ ಎತ್ತುಗಳು, ಸಾಕಿದರೆ ಹೀಗೆ ಸಾಕಬೇಕು ಅಂತಿದ್ದಾರೆ ಅಪ್ಪ’ ಎಂದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಭುಜ ನಡುಗುತ್ತಿತ್ತು. ಪಾಪ, ಚಳಿ ಎಂದುಕೊಂಡು ಇನ್ನೊಂದು ಕಂಬಳಿ ತಂದು ಹೊದಿಸಿದೆ.

ಮಧ್ಯಾಹ್ನದ ಊಟಕ್ಕೆ ಹೋಳಿಗೆ, ತುಪ್ಪ, ಅವರೆಕಾಳಿನ ಸಾರು. ಬಡಿಸಲು ನಿಂತವನು ಸಿದ್ದಾಪುರದ ನಮ್ಮ ಸೋದರಮಾವ. ಅವನ ಕೈ ದೊಡ್ಡದು, ಕಿವಿ ಚುರುಕು, ತೆಲುಗು ಮಾತ್ರ ಸೊನ್ನೆ. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಗಂಡಿನ ಕಡೆಯ ಹಿರಿಯನೊಬ್ಬನಿಗೆ ಎಲೆ ಹಾಕುವುದೇ ಮರೆತುಹೋಗಿತ್ತು. ಅವನು ಬರಿಯ ನೆಲ ತೋರಿಸಿ ‘ಆಕು, ಆಕು’ ಎಂದ. ತೆಲುಗಿನಲ್ಲಿ ಆಕು ಎಂದರೆ ಎಲೆ. ನಮ್ಮ ಕಡೆ ‘ಹಾಕು’ ಎನ್ನುವಾಗ ಹಕಾರ ಎಷ್ಟೋ ಜನರ ಬಾಯಲ್ಲಿ ನಿಲ್ಲುವುದಿಲ್ಲ. ಸೋದರಮಾವ ಒಂದು ಗಳಿಗೆ ಅನುಮಾನಿಸಿದ. ಬೀಗರ ಪದ್ಧತಿ ಹೀಗಿರಬಹುದು ಎಂದುಕೊಂಡು, ಸಾರಿಸಿದ ನೆಲದ ಮೇಲೆ ಎರಡು ಹೋಳಿಗೆ ಇಟ್ಟು ಕೈಮುಗಿದ.

ಅಲ್ಲಿಗೆ ಮುಗಿಯಲಿಲ್ಲ. ಎಲೆ ಬಂತು, ಹೋಳಿಗೆ ಬಂತು, ತುಪ್ಪವೂ ಬಂತು. ಆ ಹಿರಿಯ ‘ಚಾಲು’ ಎಂದ. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಸೋದರಮಾವ ಚಳ್ಳಕೆರೆ ಪೇಟೆಯಲ್ಲಿ ಗಾಡಿ ಹೊಡೆದವನು. ಅಲ್ಲಿ ಚಾಲು ಎಂದರೆ ನಡೆಯಲಿ, ನಿಲ್ಲಿಸಬೇಡ. ಅವನು ತುಪ್ಪ ಸುರಿದ. ‘ಚಾಲು ಚಾಲು!’ ಎಂದು ಹಿರಿಯ ಎರಡೂ ಕೈ ಅಡ್ಡ ಹಿಡಿದ. ಸೋದರಮಾವ ಕೈ ತಪ್ಪಿಸಿ ಇನ್ನಷ್ಟು ಸುರಿದ. ಪಂಕ್ತಿಯುದ್ದಕ್ಕೂ ಇದೇ ಕಥೆ. ಹೇಳಬೇಕಾದವಳು ನಾನು ಕಂಬದ ಹಿಂದೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಸುಳ್ಳೇಕೆ, ಹೇಳುವ ಮನಸ್ಸೂ ಇರಲಿಲ್ಲ. ಎದ್ದ ಮೇಲೆ ಗಂಡಿನ ಕಡೆಯವರು, ಬೇಡವೆಂದರೂ ಬಿಡದೆ ಬಡಿಸುವ ಇಂಥ ಧಾರಾಳದ ಮನೆ ಈ ಸೀಮೆಯಲ್ಲೇ ಇಲ್ಲ ಎಂದು ತೇಗಿದರು. ಇದೊಂದನ್ನು ಮಾತ್ರ ನಾನು ಅಪ್ಪನಿಗೆ ಇದ್ದದ್ದು ಇದ್ದ ಹಾಗೇ ಮುಟ್ಟಿಸಿದೆ.

ಮರುದಿನ ಹೊತ್ತು ಮೂಡುವಾಗ ಮುಹೂರ್ತ. ಕೊರೆಯುವ ಚಳಿ, ಬಾಯಿ ತೆರೆದರೆ ಹೊಗೆ. ಹಸೆಗೆ ಹಾಸಿದ ಕರಿಯ ಕಂಬಳಿಯ ಮೇಲೆ ಮದುಮಗ ಹಲ್ಲು ಕಟಕಟ ಎನ್ನಿಸುತ್ತ ಕೂತಿದ್ದ. ನಾನು ಒಳಗೆ ತಂಗಿಯ ಮುಡಿಗೆ ಸೇವಂತಿಗೆ ಮುಡಿಸುತ್ತಿದ್ದೆ. ಆಚೆ ಅತ್ತೆಯ ದನಿ ಕೇಳಿಸಿತು.

‘ಮಾ ಪಾಲು ಯಾಡ? ಪಾಲು ಇಯ್ಯಕುಂಟೆ ಪೆಂಡ್ಲಿ ಯಾಡಿದಿ?’

ತೆಲುಗಿನಲ್ಲಿ ಪಾಲು ಎಂದರೆ ಹಾಲು. ಅವರ ಮನೆತನದಲ್ಲಿ ಧಾರೆಗೆ ಮೊದಲು ಹೆಣ್ಣಿನ ತಂದೆ ಒಂದು ಬಟ್ಟಲು ಹಾಲನ್ನು ಗಂಡಿನ ತಾಯಿಯ ಕೈಗೆ ಕೊಡಬೇಕು, ಅವಳು ಅದನ್ನು ಮಗನ ಬಾಯಿಗೆ ಮುಟ್ಟಿಸಬೇಕು. ನನ್ನ ಮದುವೆ ಅವರ ಮನೆಯಲ್ಲೇ ಆದದ್ದರಿಂದ ಹಾಲು ಅವರೇ ತಂದು ಅಪ್ಪನ ಕೈಗೆ ಕೊಟ್ಟಿದ್ದರು, ಕೇಳುವ ಸಂದರ್ಭವೇ ಬಂದಿರಲಿಲ್ಲ, ಈ ಗಡಿಬಿಡಿಯಲ್ಲಿ ನನಗೂ ಅದು ನೆನಪಾಗಿರಲಿಲ್ಲ. ನಮ್ಮ ಹಾಲೆಲ್ಲಿ, ಹಾಲು ಕೊಡದಿದ್ದರೆ ಎಲ್ಲಿಯ ಮದುವೆ ಎಂದು ಅತ್ತೆ ಕೇಳಿದ್ದು. ಪಾಲು ಎಂಬ ಒಂದೇ ಮಾತನ್ನು ಹಿಡಿದ ಅಪ್ಪನಿಗೆ ಕೇಳಿಸಿದ್ದು, ನಮ್ಮ ಪಾಲೆಲ್ಲಿ, ಪಾಲು ಕೊಡದಿದ್ದರೆ ಮದುವೆಯಿಲ್ಲ.

ಹೂವು ಅಲ್ಲೇ ಬಿಟ್ಟು ಓಡಿ ಬಂದೆ. ಅಷ್ಟರಲ್ಲಿ ಅಪ್ಪ ರುಮಾಲು ಕಿತ್ತು ನೆಲಕ್ಕೆ ಬಡಿದಿದ್ದ.

‘ಪಾಲಂತೆ ಪಾಲು! ಒಡಹುಟ್ಟಿದೋನು ಅರ್ಧ ಕಿತ್ಕೊಂಡಿದ್ದು ಸಾಲ್ದು ಅಂತ ಈಗ ಬೀಗ್ತಿಗೂ ಪಾಲು! ಬಿಚ್ರಲೇ ಚಪ್ಪರ!’

ಯಾರೂ ಬಿಚ್ಚಲು ಬರಲಿಲ್ಲ. ಅಪ್ಪನೇ ಎಗರಿ ಎಗರಿ ತೋರಣ ಕೀಳತೊಡಗಿದ. ಅತ್ತೆ ಎರಡೂ ಕೈ ಬೊಗಸೆ ಮಾಡಿ, ಕಿವುಡರಿಗೆ ಹೇಳುವ ಹಾಗೆ ಇನ್ನಷ್ಟು ಗಟ್ಟಿಯಾಗಿ ‘ಪಾಲೂ!’ ಎಂದಳು. ‘ಕೈ ಬೇರೆ ಒಡ್ತಾಳೆ ನೋಡು!’ ಎಂದು ಅಪ್ಪ ಇನ್ನೊಂದು ತೋರಣಕ್ಕೆ ಎಗರಿದ. ಗೋಡೆಯಾಚೆ ಚಿಕ್ಕಪ್ಪನ ಮನೆಯವರ ತಲೆಗಳು ಸಾಲಾಗಿ ಕಾಣಿಸಿಕೊಂಡವು.

‘ಅಪ್ಪ, ಪಾಲು ಅಂದ್ರೆ ಹಾಲು! ಹಾಲು ಕೇಳ್ತಾವ್ರೆ!’ ಎಂದು ಕೂಗಿದೆ.

ಅಪ್ಪ ನನ್ನ ಕಡೆ ತಿರುಗಿದ. ‘ಸುಮ್ನಿರು ನೀನು. ನಿನ್ನೆಯಿಂದ ನೋಡ್ತಾ ಇದೀನಿ. ಆಯಮ್ಮ ಒಂದು ಗಾಡಿ ಮಾತಾಡಿದ್ರೆ ನೀನು ಒಂದು ಹಿಡಿ ಹೇಳ್ತೀಯ. ಅಷ್ಟುದ್ದ ಮಾತಿಗೆ ‘ಚೆನ್ನಾಗೈತೆ’ ಅಂದ್ರೆ ನಂಬೋಕೆ ನಾನೇನು ಎಳೆ ಮಗುನಾ? ನೀನು ಆ ಮನೆ ಸೊಸೆ, ಆ ಮನೆ ಕಡೆಗೇ ಮಾತಾಡ್ತೀಯ.’

ಗಂಡನ ಕಡೆ ನೋಡಿದೆ. ಅವನು ತನ್ನ ಮೂರು ಕನ್ನಡ ಮಾತುಗಳಲ್ಲಿ ಇಲ್ಲಿಗೆ ಯಾವುದು ಹೊಂದುತ್ತದೆಂದು ಯೋಚಿಸಿ, ಮಾವನಿಗೆ ‘ಬ್ಯಾಡ’ ಎಂದ. ‘ಮದ್ವೆ ಬ್ಯಾಡ್ವಾ? ನಮಗೂ ಬ್ಯಾಡ!’ ಎಂದ ಅಪ್ಪ. ತಂಗಿ ಬಾಗಿಲಿಗೆ ಬಂದು ನನ್ನ ಸೆರಗು ಹಿಡಿದುಕೊಂಡಿದ್ದಳು. ಅವಳ ಕೈ ತಣ್ಣಗಿತ್ತು. ಅವಳು ನಮ್ಮ ಗಾಡಿ ಹತ್ತುವುದಿಲ್ಲ, ನಾನು ಬಂದ ಹಾಗೇ ಒಬ್ಬಳೇ ಹೋಗಬೇಕು ಎಂದು ತೋರಿ ನನಗೆ ಅಳು ಒತ್ತಿ ಬಂತು.

ಆಗ ಆ ಗದ್ದಲದ ಮಧ್ಯದಿಂದ ಒಂದು ಕನ್ನಡ ಮಾತು ಕೇಳಿಸಿತು.

‘ಹಾಲು ಕಣ್ರೀ ಬೀಗ್ರೇ, ಹಾಲು!’

ಅತ್ತೆ. ಚಳ್ಳಕೆರೆ ಸಂತೆಯಲ್ಲಿ ಹುಟ್ಟಿ ಬೆಳೆದವರ ಹಾಗೆ ಆಡಿದಳು.

‘ನಿಮ್ಮ ಹೊಲ ತಗೊಂಡು ನಾನೇನು ಮಾಡ್ಲಿ? ಕಲ್ಲು ಬಿಟ್ರೆ ಅದ್ರಾಗೆ ಏನೈತೆ? ನಮ್ಮ ಕುರಿ ಸೈತ ಮೂಸಲ್ಲ. ಒಂದು ಬಟ್ಲು ಹಾಲು ಕೊಡ್ರಿ, ಹುಡುಗನ ಬಾಯಿಗೆ ಮುಟ್ಟಿಸ್ತೀನಿ. ಚಳಿಗೆ ಅವನ ಹಲ್ಲು ಉದುರೋದ್ರೊಳಗೆ ಧಾರೆ ಆಗ್ಲಿ. ಆಮೇಲೆ ನಮ್ಮ ಎತ್ತಿನ ಮೂಳೆ ಎಣಿಸಿದ್ರಲ್ಲ, ಅದೂ ಕೇಳಿಸೈತೆ.’

ಅಪ್ಪ ಕೈಯಲ್ಲಿದ್ದ ತೋರಣವನ್ನು ಎಲ್ಲಿಡಬೇಕೆಂದು ತಿಳಿಯದೆ ಕುತ್ತಿಗೆಗೆ ಹಾಕಿಕೊಂಡ. ಅವಳ ಸ್ವಂತ ಮಕ್ಕಳಿಬ್ಬರೂ ಬಾಯಿ ತೆರೆದುಕೊಂಡು ತಾಯಿಯನ್ನೇ ನೋಡುತ್ತಿದ್ದರು. ಎಲ್ಲರಿಗೂ ಆಶ್ಚರ್ಯ, ನನಗೆ ಮಾತ್ರ ಜೀವಭಯ. ಎರಡು ವರ್ಷ ಬೀಸಿದ ಹಿಟ್ಟೆಲ್ಲ ಕಣ್ಣ ಮುಂದೆ ಬಂತು. ಮುದಿ ಹದ್ದು ಬಂತು, ಬೆಣ್ಣೆಕಳ್ಳಿ ಬಂದಳು, ಇಲ್ಲಿ ಬರೆಯಲಾಗದಂಥವೂ ಸಾಲುಗಟ್ಟಿ ಬಂದವು, ಎಲ್ಲವೂ ರಾಗ ಸಮೇತ. ಅತ್ತೆ ನನ್ನ ಕಡೆ ನೋಡಿದಳು. ಸೆರಗು ಬಾಯಿಗೆ ಹೋಯಿತು, ಭುಜ ನಡುಗಿತು. ಅದು ಚಳಿಯಲ್ಲವೆಂದು ಆಗ ಗೊತ್ತಾಯಿತು.

ಹಾಲೇನೋ ಕೊಡಬೇಕು, ಆದರೆ ಹಾಲೆಲ್ಲಿದೆ? ಅವ್ವ ಒಳಗಿನಿಂದ, ‘ಇದ್ದಿದ್ದೆಲ್ಲ ಮೊಸರಿಗೆ ಹೆಪ್ಪಾಕಿದೀನಿ, ನಮ್ಮ ಹಸು ಗೊಡ್ಡಲ್ವಾ’ ಎಂದಳು. ಅಷ್ಟರಲ್ಲಿ ಗೋಡೆಯ ಮೇಲಿಂದ ಒಂದು ಕೈ ಈಚೆ ಬಂತು, ಅದರಲ್ಲೊಂದು ತಂಬಿಗೆ. ಚಿಕ್ಕವ್ವ ಆಗಷ್ಟೇ ಕರೆದದ್ದು, ನೊರೆ ಇನ್ನೂ ಆರಿರಲಿಲ್ಲ. ಅಪ್ಪ ತಂಬಿಗೆಯನ್ನು ನೋಡಿದ, ಗೋಡೆಯನ್ನು ನೋಡಿದ. ಹೋಗಿ ತೆಗೆದುಕೊಂಡ.

‘ಹಸು ಚೆನ್ನಾಗಿ ಕರೀತೈತಾ?’ ಎಂದು ಗೋಡೆಯನ್ನೇ ಕೇಳಿದ.

‘ಕರೀತೈತಣ್ಣ’ ಎಂದಿತು ಚಿಕ್ಕಪ್ಪನ ದನಿ.

ಅಣ್ಣ ತಮ್ಮ ಯುಗಾದಿಯಿಂದ ಈಚೆಗೆ ಆಡಿದ ಮೊದಲ ಮಾತು ಅದು. ಧಾರೆಯ ಹೊತ್ತಿಗೆ ಆ ಕಡೆಯವರೆಲ್ಲ ಗೋಡೆ ಹತ್ತಿ ಈ ಕಡೆ ಇಳಿದಿದ್ದರು. ಬಾಗಿಲಿನಿಂದ ಬರಬಹುದಿತ್ತು, ಯಾರಿಗೂ ತಾಳ್ಮೆ ಇರಲಿಲ್ಲ.

ಮೂರನೆಯ ದಿನ ನಮ್ಮ ಗಾಡಿ ಹೊರಟಿತು. ತಂಗಿ ಹೊಸ ಸೀರೆಯಲ್ಲಿ ಮುದುಡಿ ನಿದ್ದೆ ಹೋಗಿದ್ದಳು. ನಾನೂ ಅತ್ತೆಯೂ ಒಂದೇ ಕಂಬಳಿಯಡಿ ಕೂತಿದ್ದೆವು. ಊರು ದಾಟಿದರೂ ನಾನು ತಲೆ ಎತ್ತಲಿಲ್ಲ. ಕೊನೆಗೆ ಅತ್ತೆಯೇ ಕನ್ನಡದಲ್ಲಿ ಬಾಯಿಬಿಟ್ಟಳು.

‘ನಮ್ಮಪ್ಪ ಚಳ್ಳಕೆರೆ ಸಂತೇಲಿ ಕಂಬಳಿ ಮಾರ್ತಿದ್ದ. ನಾನು ಚಿಕ್ಕೋಳಿದ್ದಾಗಿಂದ ಜೊತೆಗೆ ಹೋಗ್ತಿದ್ದೆ. ನಿಂಗೆ ಕನ್ನಡ ಬರಲ್ಲ ಅನ್ನೋ ಹಂಗೆ ಕೂತಿರು ಅಂತಿದ್ದ. ಕೊಳ್ಳೋರು ನಮ್ಮೆದುರಿಗೇ ಮಾತಾಡ್ಕೋತಿದ್ರು, ಎಷ್ಟರವರೆಗೆ ಕೊಡಬೋದು ಅಂತ. ಅಷ್ಟಕ್ಕೇ ಕೂಗ್ತಿದ್ವಿ.’ ನಕ್ಕಳು. ‘ಆ ಅಭ್ಯಾಸ ಬಿಡ್ಲೇ ಇಲ್ಲ. ಬಾಯಿ ಮುಚ್ಕೊಂಡಿದ್ರೆ ಎಷ್ಟೊಂದು ಕೇಳಿಸ್ತೈತೆ ಗೊತ್ತಾ?’

‘ನಂಗಾದ್ರೂ ಹೇಳ್ಬೋದಿತ್ತಲ್ಲ ಅತ್ತೆ’ ಎಂದೆ.

‘ಹೇಳಿದ್ರೆ ನೀನು ಹಾಡೋದೇ ನಿಲ್ಲಿಸ್ತಿದ್ದೆ. ನಂಗೆ ಹೊತ್ತು ಹೋಗೋದೆಂಗೆ? ಮುದಿ ಹದ್ದಿನ ಪದ ಬಲು ಚೆಂದ ಕಟ್ಟಿದ್ದೆ.’ ತಂಗಿಯ ಕಾಲಿನ ಮೇಲೆ ಕಂಬಳಿ ಎಳೆದಳು. ‘ಈ ಹುಡುಗೀನ ನೆನೆಸ್ಕೊಂಡು ಅಳ್ತಿದ್ದೆಯಲ್ಲ, ಆ ಪದ ಮಾತ್ರ ನಂಗೆ ತಡೆಯೋಕಾಗ್ಲಿಲ್ಲ. ಅದಕ್ಕೇ ತಂದೆ.’

ನಾನು ಕಂಬಳಿಯೊಳಗೆ ಮುಖ ಹುದುಗಿಸಿ ದೇವಸಮುದ್ರ ಬರುವವರೆಗೂ ಅಳುತ್ತಲೇ ಇದ್ದೆ. ನನ್ನ ಮಾತಿಗೆ ಕಿವಿಯೇ ಇಲ್ಲದ ಮನೆ ಎಂದುಕೊಂಡು ಎರಡು ವರ್ಷ ನರಳಿದ್ದೆ. ಆ ಎರಡು ವರ್ಷವೂ ಗೋಡೆಯಾಚೆ ಎಚ್ಚರವಾಗಿದ್ದು ಒಂದೊಂದು ಸಾಲನ್ನೂ ಕೇಳಿದವಳೊಬ್ಬಳು ಇದ್ದಳು. ಅವಳನ್ನೇ ಬೈದಿದ್ದೆ. ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

ಮರುದಿನ ಬೆಳಗಿನ ಜಾವ ಬೀಸುವ ಕಲ್ಲಿನ ಆ ಕಡೆ ತಂಗಿ ಕೂತಳು, ಈ ಕಡೆ ನಾನು. ಗೂಟಕ್ಕೆ ಇಬ್ಬರ ಕೈಯೂ ಬಿತ್ತು. ಕಲ್ಲು ತಿರುಗಿತು. ಏನು ಹಾಡುವುದು? ನಾನು ದೇವರ ಪದವೊಂದನ್ನು ಮೆಲ್ಲಗೆ ಶುರುಮಾಡಿದೆ. ಎರಡು ಸಾಲು ಆಗಿರಲಿಲ್ಲ, ಗೋಡೆಯಾಚೆ ಕೆಮ್ಮು ಕೇಳಿಸಿತು.

‘ಏನೇ ಅದು? ಇವತ್ತು ನನ್ನ ಪಾಲಿಂದು ಇಲ್ವಾ?’

ತಂಗಿ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಅವಳಿಗೆ ಕಣ್ಣು ಹೊಡೆದು, ಗಂಟಲು ಸರಿಮಾಡಿಕೊಂಡು, ಮುದಿ ಹದ್ದಿನ ಪದ ಎತ್ತಿದೆ.